ಏಳನೇ ಸಲಕ್ಕೆ ಹದ ಸಿಕ್ಕಿದ ಹೆಸರುಹಿಟ್ಟಿನ ಮುಖಪುಡಿ

ಮುಖಕ್ಕೆ ಸೋಪು ಬಿಟ್ಟು ಹೆಸರುಹಿಟ್ಟು ಹಾಕಿ ತೊಳೆದರೆ ಜಿಡ್ಡು ಹೋಗುವುದಿಲ್ಲ, ಮೊಡವೆ ಇನ್ನೂ ಜಾಸ್ತಿ ಆಗುತ್ತದೆ ಎಂದವರೇ ಹೆಚ್ಚು. ಈಗ ಅವರೇ ಖಾಲಿ ಡಬ್ಬಿ ಕೊಟ್ಟು ಪುಡಿ ತುಂಬಿಸಿಕೊಂಡು ಹೋಗುತ್ತಿದ್ದಾರೆ. ಆರು ಸಲ ಕೆಟ್ಟು ಏಳನೆಯದಕ್ಕೆ ಹದ ಸಿಕ್ಕಿತು. ಮಾಡುವ ವಿಧಾನ ನಿಮಗೆಲ್ಲ ಹೆಚ್ಚುಕಡಿಮೆ ಗೊತ್ತಿರುವುದೇ. ಕೆಡುವುದು ಎಲ್ಲಿ ಎನ್ನುವುದನ್ನೇ ವಿವರವಾಗಿ ಬರೆಯುತ್ತೇನೆ.

ಮೊದಲ ಸಲ ಹನ್ನೊಂದು ಸಾಮಾನು ಹಾಕಿದ್ದೆ: ಇಡೀ ಹೆಸರುಕಾಳು, ಕಡಲೆಬೇಳೆ, ಬೇವಿನೆಲೆ, ಕಿತ್ತಳೆ ಸಿಪ್ಪೆ, ಲಾವಂಚ, ಕಚೋರ, ರಕ್ತಚಂದನ, ಮುಲ್ತಾನಿ ಮಣ್ಣು, ಅರಿಶಿನ, ಗುಲಾಬಿ ದಳ, ಅತಿಮಧುರ. ಗ್ರಂಧಿಗೆ ಅಂಗಡಿಗೆ ಕೊಟ್ಟಿದ್ದೇ ಸುಮಾರು 1,400 ರೂಪಾಯಿ. ಮೂರನೇ ದಿನಕ್ಕೆ ಕೆನ್ನೆ ಕೆಂಪಾಗಿ ಉರಿ ಶುರು. ಹನ್ನೊಂದರಲ್ಲಿ ಉರಿಸಿದ್ದು ಯಾವುದು ಎಂದು ಹಿಡಿಯುವುದು ಹೇಗೆ? ಅಲ್ಲಿಂದ ಒಂದೊಂದೇ ಸಾಮಾನು ತೆಗೆದು, ಪ್ರತಿ ಪುಡಿಗೂ ನಾಲ್ಕು ವಾರ ಕೊಟ್ಟು ನೋಡಿದೆ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 28 ದಿನ ಬೇಕು. ನಾಲ್ಕು ದಿನ ಹಚ್ಚಿ ಫಲ ಬಂತು, ಬರಲಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ.

ಲಾವಂಚ ಮೊದಲು ಹೋಯಿತು. ಎಷ್ಟು ರುಬ್ಬಿದರೂ ಬೇರಿನ ನಾರು ಸಣ್ಣ ಸೂಜಿಯ ಹಾಗೆ ಉಳಿಯುತ್ತದೆ. ಅದನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರಲ್ಲೇ ಪುಡಿ ಕಲಸುವುದು ಒಳ್ಳೆಯದು, ಪರಿಮಳವೂ ಬರುತ್ತದೆ. ಕಿತ್ತಳೆ ಸಿಪ್ಪೆಯದು ಇನ್ನೊಂದು ತೊಂದರೆ: ಸೂಕ್ಷ್ಮ ಚರ್ಮಕ್ಕೆ ಚುರುಚುರು ಎನ್ನುತ್ತದೆ. ಮುಲ್ತಾನಿ ಮಣ್ಣು ದಿನಾ ಹಚ್ಚುವ ಪದಾರ್ಥವೇ ಅಲ್ಲ, ಕೆನ್ನೆ ಒಣಗಿ ಬಿಗಿಯುತ್ತದೆ. ವಾರಕ್ಕೊಮ್ಮೆ ಮೂಗು, ಹಣೆಗೆ ಮಾತ್ರ ಹಚ್ಚಿ, ಪೂರ್ತಿ ಒಣಗುವ ಮೊದಲೇ ತೊಳೆದರೆ ಸಾಕು.

ರಕ್ತಚಂದನದಲ್ಲಿ ದುಡ್ಡು ಕಳೆದುಕೊಂಡೆ. ಚಿಟಿಕೆ ಪುಡಿಯನ್ನು ನೀರಿಗೆ ಹಾಕಿದ ಕೂಡಲೇ ಲೋಟವೆಲ್ಲ ಕೆಂಪಾಯಿತು. ಅಸಲಿ ರಕ್ತಚಂದನದ ಬಣ್ಣ ನೀರಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ, ಸ್ಪಿರಿಟ್‌ನಲ್ಲಿ ಬಿಡುತ್ತದೆ. ನನಗೆ ಸಿಕ್ಕಿದ್ದು ಬಣ್ಣ ಹಾಕಿದ ಮರದ ಹೊಟ್ಟು. ಈಗ ಬೇಕಾದಾಗ ಕೊರಡು ತಂದು ಸಾಣೆಕಲ್ಲಿನ ಮೇಲೆ ತೇಯುತ್ತೇನೆ.

ಅಡುಗೆ ಅರಿಶಿನ ಮುಖಪುಡಿಗೆ ಬೇಡ. ಕಲೆ ನಿಲ್ಲುತ್ತದೆ, ಮೇಲಿಂದ ಸೋಪು ಹಾಕಿದರೆ ಇನ್ನೂ ಕೆಡುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮದ ಕೆಂಪು ಬರುವ ಹಾಗೆ, ಸೋಪಿನ ಕ್ಷಾರ ತಗುಲಿದರೂ ಹಳದಿ ಕೆಂಪಗೆ ತಿರುಗುತ್ತದೆ. ಕಸ್ತೂರಿ ಅರಿಶಿನ ಅಷ್ಟು ಬಣ್ಣ ಬಿಡುವುದಿಲ್ಲ, ಕರ್ಪೂರದಂಥ ವಾಸನೆ ಇರುತ್ತದೆ. ಗಾಢ ಹಳದಿಯದನ್ನು ಕಸ್ತೂರಿ ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ನಾಲ್ಕನೇ ಸಲ. ಹಿಟ್ಟಿನ ಗಿರಣಿಗೆ ಕೊಟ್ಟೆ. ಹಿಂದಿನ ಗಿರಾಕಿಯದು ಮೆಣಸಿನಪುಡಿ! ಎರಡು ಕೆಜಿ ಪೂರ್ತಿ ದಂಡ. ಗಿರಣಿಯಲ್ಲೇ ಬೀಸಿಸುವುದಾದರೆ ಬೆಳಿಗ್ಗೆ ಮೊದಲ ಸರದಿ ಹಿಡಿಯಿರಿ, ಮುಂಚೆ ಅರ್ಧ ಕೆಜಿ ಅಕ್ಕಿ ಬೀಸಿಸಿ ಆ ಹಿಟ್ಟನ್ನು ಬೇರೆ ತೆಗೆಯಿರಿ. ನಾನಂತೂ ಮಿಕ್ಸಿಯಲ್ಲೇ ಮಾಡುತ್ತೇನೆ.

ಈಗಿನ ಅಳತೆ ಇದು: ಹೆಸರುಬೇಳೆ ಹಿಟ್ಟು 500 ಗ್ರಾಂ, ಒಣ ಗುಲಾಬಿ ದಳದ ಪುಡಿ 50, ಅತಿಮಧುರ 40, ಕಸ್ತೂರಿ ಅರಿಶಿನ 10. ಎಲ್ಲ ಜರಡಿ ಆದ ಮೇಲಿನ ತೂಕ. ಇಡೀ ಕಾಳು ಬಿಟ್ಟು ಬೇಳೆಗೆ ಬಂದದ್ದಕ್ಕೆ ಕಾರಣ ಸಿಪ್ಪೆ. ಹಸಿರು ಸಿಪ್ಪೆಯ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಕೆನ್ನೆ ಗೀರುತ್ತದೆ, ಬಟ್ಟೆಯಲ್ಲಿ ಸೋಸಿದರೆ ಕಾಲು ಭಾಗ ತರಿಯಾಗಿ ಮೇಲೇ ಉಳಿಯುತ್ತದೆ. ಬೇಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ನಷ್ಟ.

ಬೇಳೆಯನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಉಜ್ಜಿ, ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ. ಹಲ್ಲಿನಲ್ಲಿ ಕಡಿದರೆ ಟಕ್ ಅಂತ ಮುರಿಯಬೇಕು. ಗುಲಾಬಿ ದಳ ಮಾತ್ರ ನೆರಳಿನಲ್ಲೇ ಒಣಗಲಿ. ಮಿಕ್ಸಿ ಒಂದೇ ಸಮ ಓಡಿಸಿದರೆ ಜಾರ್ ಬಿಸಿಯಾಗಿ, ಹಿಟ್ಟು ಬೆವೆತು, ಮುಚ್ಚಳಕ್ಕೆ ಅಂಟುತ್ತದೆ. ಅರ್ಧ ನಿಮಿಷ ಓಡಿಸಿ, ಎರಡು ನಿಮಿಷ ಬಿಡಿ.

ಇನ್ನು ಜರಡಿ. ನನ್ನ ಪುಡಿ ಗೆದ್ದಿದ್ದು ಇಲ್ಲೇ. ಆಯುರ್ವೇದ ವೈದ್ಯರು ಚೂರ್ಣಕ್ಕೆ ವಸ್ತ್ರಗಾಳಿತ, ಅಂದರೆ ಬಟ್ಟೆಯಲ್ಲಿ ಸೋಸುವುದು ಎನ್ನುತ್ತಾರಲ್ಲ, ಅದನ್ನು ತಪ್ಪಿಸುವ ಹಾಗಿಲ್ಲ. ಹಿಟ್ಟಿನ ಜರಡಿ ಆದ ಮೇಲೆ, ತೊಳೆದು ತೊಳೆದು ಮೆತ್ತಗಾದ ಮಲ್ ಪಂಚೆಯ ತುಂಡನ್ನು ಅಗಲ ಬಾಯಿಯ ಪಾತ್ರೆಗೆ ಡೋಲಿನ ಚರ್ಮದ ಹಾಗೆ ಬಿಗಿಯಾಗಿ ಕಟ್ಟಿ. ಒಂದು ಹಿಡಿ ಹಿಟ್ಟು ಹಾಕಿ ಅಂಗೈಯಲ್ಲಿ ಹಗುರವಾಗಿ ಸುತ್ತುತ್ತಾ ಹೋಗಿ. ಆತುರಕ್ಕೆ ಒತ್ತಿದರೆ ನೂಲು ಸರಿದು ತರಿ ಕೆಳಗಿಳಿಯುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಅರ್ಧ ಕೆಜಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಇಳಿದ ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ಬೆರಳ ಗೆರೆಗಳೊಳಗೆ ಕೂರಬೇಕು. ಆಯುರ್ವೇದದ ಭಸ್ಮಕ್ಕೆ ಮಾಡುವ ರೇಖಾಪೂರ್ಣ ಪರೀಕ್ಷೆ ಇದು, ಹಿಟ್ಟು ಭಸ್ಮದಷ್ಟು ನಯ ಆಗದಿದ್ದರೂ ಹದ ಗೊತ್ತಾಗುತ್ತದೆ. ಮೇಲುಳಿದ ತರಿ ಕಾಲು, ಮೊಣಕೈ ಉಜ್ಜಲು ಆಗುತ್ತದೆ.

ಖರ್ಚು ನೆನಪಿನಿಂದ ಹೇಳುವುದಾದರೆ, ಬೇಳೆ 75, ಗುಲಾಬಿ 40, ಅತಿಮಧುರ 25, ಕಸ್ತೂರಿ ಅರಿಶಿನ 8–10. ಒಟ್ಟು 150ರ ಆಸುಪಾಸು. ದಿನಕ್ಕೆ ಎರಡು ಸಲ, ಸಲಕ್ಕೆ ಒಂದು ಟೀ ಚಮಚ, ಅಂದರೆ 4 ಗ್ರಾಂ ಲೆಕ್ಕದಲ್ಲಿ 600 ಗ್ರಾಂ ಎರಡೂವರೆ ತಿಂಗಳು ಬರುತ್ತದೆ. ದಿನಕ್ಕೆ ಎರಡು ರೂಪಾಯಿ!

ಹಚ್ಚುವುದರಲ್ಲೂ ತಪ್ಪು ಮಾಡುವವರು ಬಹಳ. ಒಂದು ಚಮಚ ಪುಡಿಗೆ ಒಂದೂವರೆ ಚಮಚ ನೀರು ಹಾಕಿ ಎರಡು ನಿಮಿಷ ನೆನೆಯಲು ಬಿಡಿ. ಹಿಟ್ಟು ಉಬ್ಬಿ ಲೋಳೆಯಾದರೆ ಜಾರುತ್ತದೆ, ಉಬ್ಬದ ಹಿಟ್ಟು ಉಜ್ಜುತ್ತದೆ. ಒದ್ದೆ ಮುಖಕ್ಕೆ ಹಚ್ಚಿ, ಮುಕ್ಕಾಲು ನಿಮಿಷ ಬೆರಳ ತುದಿಯಲ್ಲಿ ಆಡಿಸಿ, ತೊಳೆಯಿರಿ. ಒಣಗಿ ಬಿರಿಯುವ ತನಕ ಕೂರುವುದು ಬೇಡ. ಆಮೇಲೆ ಸೋಪು ಬೇಡವೇ ಬೇಡ. ವಾರಕ್ಕೆರಡು ರಾತ್ರಿ ನೀರಿನ ಬದಲು ಹುಳಿಯಾಗದ ಗಟ್ಟಿ ಮೊಸರಲ್ಲಿ ಕಲಸುತ್ತೇನೆ. ಅದರ ಲ್ಯಾಕ್ಟಿಕ್ ಆಮ್ಲ ಸತ್ತ ಚರ್ಮವನ್ನು ನಿಧಾನಕ್ಕೆ ಬಿಡಿಸುತ್ತದೆ.

ನಿಂಬೆರಸ ಸೇರಿಸಲು ಹೇಳುವವರ ಮಾತು ಕೇಳಬೇಡಿ. ಚರ್ಮದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರ ಹತ್ತಿರ, ನಿಂಬೆಯದು 2ರ ಹತ್ತಿರ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಲೆ ಮಾಯುವ ಬದಲು ಕಪ್ಪಾಗುತ್ತದೆ. ಅಡುಗೆ ಸೋಡಾ, ಟೂತ್‌ಪೇಸ್ಟ್ ಕೂಡ ಬೇಡ. ತೊಳೆದ ಮೇಲೆ ಮೊಡವೆ ಮುಖಕ್ಕೆ ಕೊಬ್ಬರಿ ಎಣ್ಣೆಯೂ ಬೇಡ, ರಂಧ್ರ ಕಟ್ಟಿಕೊಳ್ಳುತ್ತದೆ.

ಎಣ್ಣೆಯ ಬದಲಿಗೆ ಲೋಳೆಸರ ನೋಡಿದೆ. ಕೊಯ್ದ ಎಲೆಯನ್ನು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹಳದಿ ಹಾಲು ಇಳಿಸಲೇಬೇಕು, ತುರಿಕೆ ಬರಿಸುವುದು ಅದೇ. ತಿಳಿ ಲೋಳೆ ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿ ಇಟ್ಟರೆ ಕರಗಿದಾಗ ನೀರಾಗುತ್ತದೆ, ಆ ದಾರಿ ಬಿಟ್ಟೆ.

ಹೊಸಬರು ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾಯಬೇಕು. ಎಕ್ಸಿಮಾ, ಒಡೆದ ಚರ್ಮ, ಬೇಳೆಕಾಳಿನ ಅಲರ್ಜಿ ಇದ್ದವರಿಗೆ ಈ ಪುಡಿ ನಾನು ಕೊಡುವುದೇ ಇಲ್ಲ. ಜಿಡ್ಡು, ಮೂಗಿನ ಕಪ್ಪು ಚುಕ್ಕೆ, ಹಣೆಯ ಸಣ್ಣ ಗುಳ್ಳೆ ಆರರಿಂದ ಎಂಟು ವಾರದಲ್ಲಿ ಇಳಿದವು. ಬಂಗು, ಅಂದರೆ ಮುಖದ ಮೇಲೆ ಹರಡುವ ಕಂದು ಕಲೆಗೆ ಇದು ಮದ್ದಲ್ಲ, ಗಂಟು ಕಟ್ಟುವ ಕೀವು ಮೊಡವೆಗೂ ಅಲ್ಲ. ಅದಕ್ಕೆ ಚರ್ಮ ವೈದ್ಯರ ಹತ್ತಿರ ಹೋಗಬೇಕು. ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಇರುವ ಕ್ರೀಮ್ ಹಚ್ಚುತ್ತಿದ್ದವರು ತಾವಾಗಿ ನಿಲ್ಲಿಸಿ ಪುಡಿಗೆ ಬಂದರೆ ಮುಖ ಕೆಂಪೇರಿ ಮೊಡವೆ ಏಳುತ್ತದೆ, ಬೈಗುಳ ಪುಡಿಗೆ! ವೈದ್ಯರನ್ನು ಕೇಳಿಯೇ ಅದನ್ನು ಬಿಡಬೇಕು.

ಪುಡಿಯನ್ನು ಗಾಜಿನ ಡಬ್ಬದಲ್ಲಿ, ಕತ್ತಲಲ್ಲಿ ಇಡಿ, ಬೆಳಕಿಗೆ ಅರಿಶಿನ ಮಾಸುತ್ತದೆ. ಕರಾವಳಿಯವರು ಮಳೆಗಾಲದಲ್ಲಿ 100 ಗ್ರಾಂಗಿಂತ ಹೆಚ್ಚು ಮಾಡಬೇಡಿ, ಗಂಟು ಕಟ್ಟುತ್ತದೆ. ನನ್ನ ಡಬ್ಬದಲ್ಲಿ ನಾಲ್ಕು ತಿಂಗಳಾದರೂ ಹುಳ ಬಿದ್ದಿಲ್ಲ. ಅದಕ್ಕೆ ಏನು ಹಾಕುತ್ತೇನೆ, ಗುಲಾಬಿ ಎಲ್ಲಿಂದ ತರಿಸುತ್ತೇನೆ, ಇವೆರಡು ನನ್ನಲ್ಲೇ ಇರಲಿ. ಚಳಿಗಾಲದ ಒಣ ಮುಖಕ್ಕೆ ಇದೇ ಪುಡಿಯನ್ನು ಅಕ್ಕಿ ತೊಳೆದ ಎರಡನೇ ನೀರಲ್ಲಿ ಕಲಸಿ ನೋಡುತ್ತಿದ್ದೇನೆ. ಇವತ್ತಿಗೆ ಹನ್ನೆರಡು ದಿನ, ಬಿಗಿತ ಸ್ವಲ್ಪ ಕಡಿಮೆ ಅನ್ನಿಸುತ್ತಿದೆ. 28 ದಿನ ತುಂಬಲಿ.