ಎಂಟು ಮಕ್ಕಳು, ಹನ್ನೊಂದು ಬ್ರಿಕ್ ಗುಂಡು: ನನ್ನ ಅನುಭವ

2020ರ ಮಾರ್ಚ್ ಮೂರನೇ ವಾರ. ಕೊರೊನಾ ಬಂದು ಅಮೆರಿಕದ ಒಹಾಯೋದಲ್ಲಿ ಶಾಲೆಗಳಿಗೆ ಬೀಗ ಬಿದ್ದಿತ್ತು. ನಾನು ನಮ್ಮ ಶೂಟಿಂಗ್ ಕ್ಲಬ್ಬಿನ ಕಪಾಟು ತೆಗೆದು, ನೆಲದ ಮೇಲೆ ಕೂತು, ಗುಂಡಿನ ಡಬ್ಬಿಗಳನ್ನು ಒಂದೊಂದಾಗಿ ಹೊರಗೆ ಜೋಡಿಸಿದೆ. ಪಾಯಿಂಟ್ 22 ಗುಂಡು, ಅಂದರೆ ಸುಮಾರು 0.22 ಇಂಚು ದಪ್ಪದ ಸಣ್ಣ ಗುಂಡು. 50ರ ಪುಟ್ಟ ಡಬ್ಬಿ ಹತ್ತು ಸೇರಿದರೆ 500. ಅದಕ್ಕೆ ಇಲ್ಲಿ ಬ್ರಿಕ್ ಅಂತಾರೆ. ಕೈಯಲ್ಲಿ ಹಿಡಿದರೆ ಸಣ್ಣ ಇಟ್ಟಿಗೆ ಹಿಡಿದ ಹಾಗೇ ಇರುತ್ತದೆ. ಎಣಿಸಿದಾಗ ಹನ್ನೊಂದು ಬ್ರಿಕ್ ಇತ್ತು. 5,500 ಗುಂಡು.

ನಾನು ವಾರವೆಲ್ಲ ಸಾಫ್ಟ್‌ವೇರ್ ಕೆಲಸ ಮಾಡುವವನು. ಶನಿವಾರ ಬೆಳಿಗ್ಗೆ ಮಾತ್ರ ಈ ಕ್ಲಬ್ಬಿನಲ್ಲಿ ಮಕ್ಕಳಿಗೆ ರೈಫಲ್ ಹೇಳಿಕೊಡುತ್ತೇನೆ. ಆಗ ನನ್ನ ಹತ್ತಿರ ಎಂಟು ಮಕ್ಕಳಿದ್ದರು. ಒಬ್ಬೊಬ್ಬರು ವಾರಕ್ಕೆ 60 ಗುಂಡು ಹೊಡೆಯುತ್ತಿದ್ದರು. ವಾರಕ್ಕೆ 480. ಹನ್ನೊಂದು ವಾರಕ್ಕೆ ಕಪಾಟು ಖಾಲಿ. ಊರಿನ ಅಂಗಡಿಗಳಲ್ಲಿ ಆ ಹೊತ್ತಿಗಾಗಲೇ ಟಾಯ್ಲೆಟ್ ಪೇಪರ್ ಜೊತೆ ಗುಂಡಿನ ಶೆಲ್ಫೂ ಬರಿದಾಗಿತ್ತು. ಬೆಲೆ ಚೀಟಿ ಮಾತ್ರ ಅಂಟಿಕೊಂಡಿತ್ತು.

ಇದು ನನಗೆ ಮೊದಲ ಸಲ ಆಗಿರಲಿಲ್ಲ. ಮೊದಲ ಸಲ ನಾನು ತಪ್ಪು ಮಾಡಿದ್ದೆ. ಅದನ್ನು ಮೊದಲು ಹೇಳಬೇಕು.

ಎಚ್‌1ಬಿ ವೀಸಾದಲ್ಲಿ ಇರುವಷ್ಟು ದಿನ ನಾನು ಕೋವಿ ಮುಟ್ಟಿರಲಿಲ್ಲ. ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಇಲ್ಲಿನ ಫೆಡರಲ್ ಕಾನೂನು. ಬೇಟೆ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಬಂದದ್ದು 2012ರಲ್ಲಿ. ಆ ಅಕ್ಟೋಬರಿನಲ್ಲಿ ಒಂದು ಪಾಯಿಂಟ್ 22 ರೈಫಲ್ ತಗೊಂಡೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದವನು ನಾನು. ಹಂದಿ, ಮಂಗನ ಕಾಟಕ್ಕೆ ಅಂತ ಅಪ್ಪನ ಹೆಸರಿನಲ್ಲಿ ಒಂದು ಒಂಟಿನಳಿಗೆ ಕೋವಿ ಇತ್ತು. ಅದನ್ನು ಒರೆಸುವಾಗ ಬರುವ ಎಣ್ಣೆ ವಾಸನೆ ನನಗೆ ಬಾಲ್ಯದ ವಾಸನೆ.

ಎರಡು ತಿಂಗಳಾಗಿರಬೇಕು. ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳನ್ನು, ಆರು ಜನ ದೊಡ್ಡವರನ್ನು ಒಬ್ಬ ಗುಂಡಿಟ್ಟು ಕೊಂದ. ಆ ಮಕ್ಕಳಿಗೆ ಆರು, ಏಳು ವರ್ಷ. ನನ್ನ ಮಗಳಿಗೂ ಆಗ ಆರು. ಅವತ್ತು ರಾತ್ರಿ ನಾನು, ನನ್ನ ಹೆಂಡತಿ ಊಟ ಮಾಡಲಿಲ್ಲ. ಅದಾಗಿ ಮೂರೇ ವಾರಕ್ಕೆ, ಜನವರಿಯ ಚಳಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ, ನಾನು ಒಂದು ದೊಡ್ಡ ಅಂಗಡಿಯ ಮುಂದೆ ಗುಂಡಿಗಾಗಿ ಸಾಲಿನಲ್ಲಿ ನಿಂತಿದ್ದೆ.

ಯಾಕೆ ನಿಂತೆ? ಹೊಸ ಕಾನೂನು ಬರುತ್ತದೆ, ಇನ್ನು ಮುಂದೆ ಸಿಗುವುದಿಲ್ಲ ಅಂತ ಎಲ್ಲರೂ ಮಾತಾಡುತ್ತಿದ್ದರು. ಸರ್ಕಾರವೇ ಕೋಟಿಗಟ್ಟಲೆ ಗುಂಡು ಕೊಂಡು ಗೋದಾಮಿನಲ್ಲಿ ತುಂಬುತ್ತಿದೆ ಅನ್ನುವ ಸುದ್ದಿಯೂ ಹಬ್ಬಿತ್ತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರು 2014ರ ಆರಂಭದಲ್ಲಿ ವರದಿ ಕೊಟ್ಟಾಗ ಗೊತ್ತಾಯಿತು, ಗೃಹಭದ್ರತಾ ಇಲಾಖೆಯ ಖರೀದಿ 2009ರಿಂದ ಇಳಿಯುತ್ತಲೇ ಇತ್ತು ಅಂತ. ಆದರೆ ಸಾಲಿನಲ್ಲಿ ನಿಂತವನಿಗೆ ವರದಿ ಬರುವವರೆಗೆ ಕಾಯುವ ತಾಳ್ಮೆ ಇರುವುದಿಲ್ಲ. ಮುಂದೆ ನಿಂತವನ ಕೈಯಲ್ಲಿ ಎಷ್ಟು ಡಬ್ಬಿ ಇದೆ ಅನ್ನುವುದೇ ಕಾಣುವುದು.

ತಲೆಗೆ ಮೂರೇ ಡಬ್ಬಿ ಅಂತ ಮಿತಿ ಹಾಕಿದ್ದರು. ನಾನು ಹೆಂಡತಿಯನ್ನೂ ಸಾಲಿನಲ್ಲಿ ನಿಲ್ಲಿಸಿದೆ. ಮಂಗಳವಾರ, ಶುಕ್ರವಾರ ಲಾರಿ ಬರುತ್ತದೆ ಅಂತ ಪತ್ತೆ ಮಾಡಿದೆ. ಏಪ್ರಿಲ್ ಹೊತ್ತಿಗೆ ನಮ್ಮ ಮನೆಯ ನೆಲಮಾಳಿಗೆಯಲ್ಲಿ 9,000 ಗುಂಡು ಇತ್ತು. ನಾನು ತಿಂಗಳಿಗೆ ಹೊಡೆಯುತ್ತಿದ್ದದ್ದು ಹೆಚ್ಚೆಂದರೆ 200.

ಅದೇ ಏಪ್ರಿಲಿನಲ್ಲಿ ಈ ಕ್ಲಬ್ಬಿಗೆ ಮೊದಲ ಸಲ ಹೋದೆ. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಮಕ್ಕಳ ಪಂದ್ಯ ರದ್ದಾಗಿದೆ, ಗುಂಡು ಇಲ್ಲ. ಒಳಗೆ ಒಬ್ಬ ವಯಸ್ಸಾದ ಕೋಚ್ ಖಾಲಿ ರೈಫಲ್‌ಗಳನ್ನು ಒರೆಸುತ್ತಾ ಕೂತಿದ್ದರು. ನಾನು ಕಾಗದ ಓದಿ ಅಲ್ಲೇ ನಿಂತೆ. ಆ ಮಕ್ಕಳ ಗುಂಡು ನನ್ನ ನೆಲಮಾಳಿಗೆಯಲ್ಲಿತ್ತು. ಮರುದಿನ ಹತ್ತು ಬ್ರಿಕ್ ಕಾರಿಗೆ ಹಾಕಿಕೊಂಡು ಹೋಗಿ, ನಾನು ಕೊಂಡ ಬೆಲೆಗೇ ಕೊಟ್ಟು ಬಂದೆ. ಮುಂದಿನ ವರ್ಷ ತರಬೇತಿ ಪಡೆದು ಅವರ ಜೊತೆಗೇ ಕೋಚ್ ಆದೆ.

ಹಾಗಾಗಿ 2020ರಲ್ಲಿ ಕಪಾಟಿನ ಮುಂದೆ ಕೂತಾಗ ಒಂದು ಮಾತ್ರ ಖಚಿತವಿತ್ತು. ಅಂಗಡಿ ಸುತ್ತುವುದಿಲ್ಲ. ಇರುವುದನ್ನೇ ಬಾಳಿಸುವುದು.

ಊರಿನಲ್ಲಿ ಅಪ್ಪ ಮಾಡುತ್ತಿದ್ದದ್ದೂ ಅದನ್ನೇ. ಲೈಸೆನ್ಸಿನಲ್ಲಿ ಇಂತಿಷ್ಟೇ ತೋಟೆ ಅಂತ ಬರೆದಿರುತ್ತದೆ. ಶಿವಮೊಗ್ಗದ ಅಂಗಡಿಯವರು ಕೊಟ್ಟಷ್ಟನ್ನೂ ಅದರಲ್ಲಿ ನಮೂದಿಸಿ ಸಹಿ ಹಾಕುತ್ತಿದ್ದರು. ಅಪ್ಪ ಪ್ರತಿ ಈಡಿಗೂ ಲೆಕ್ಕ ಇಡುತ್ತಿದ್ದರು. ಸುಮ್ನೆ ಹೊಡೆಯುವುದು ಅಂತ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಇಲ್ಲಿ ಕೌಂಟರಿನಲ್ಲಿ ದುಡ್ಡು ಕೊಟ್ಟರೆ ಗುಂಡು ಬರುತ್ತದೆ, ಆದ್ದರಿಂದ ಯಾರಿಗೂ ಆ ಅಭ್ಯಾಸವಿಲ್ಲ. ನಾನು ಒಂದು ನೋಟ್‌ಬುಕ್ ತಂದು ಕಪಾಟಿನ ಬಾಗಿಲಿಗೆ ದಾರ ಕಟ್ಟಿ ನೇತುಹಾಕಿದೆ. ದಿನಾಂಕ, ಕೊಟ್ಟದ್ದು, ಹೊಡೆದದ್ದು, ವಾಪಸ್ ಬಂದದ್ದು, ಉಳಿದದ್ದು.

ಮಾರ್ಚಿನಿಂದ ಜೂನ್ ಶುರುವಿನವರೆಗೆ ಕ್ಲಬ್ ಮುಚ್ಚಿತ್ತು. ಮಕ್ಕಳು ಮನೆಯಲ್ಲೇ ಡ್ರೈ ಫೈರ್ ಮಾಡಿದರು. ಅಂದರೆ ಗುಂಡಿಲ್ಲದೆ ಗುರಿ ಹಿಡಿದು ಟ್ರಿಗರ್ ಎಳೆಯುವುದು. ನಿಯಮ ಎರಡೇ. ಕೋಣೆಯೊಳಗೆ ಒಂದು ಗುಂಡೂ ಇರಬಾರದು. ಅಪ್ಪನೋ ಅಮ್ಮನೋ ಚೇಂಬರಿಗೆ, ಅಂದರೆ ನಳಿಗೆಯಲ್ಲಿ ಗುಂಡು ಕೂರುವ ಜಾಗಕ್ಕೆ, ಬೆರಳಿಟ್ಟು ನೋಡಿ ಖಾಲಿ ಅಂತ ಹೇಳಬೇಕು. ಇನ್ನೊಂದು ತೊಂದರೆ ಇತ್ತು. ಪಾಯಿಂಟ್ 22ರಲ್ಲಿ ಪಿನ್ ಗುಂಡಿನ ಅಂಚಿಗೆ ಹೊಡೆಯುತ್ತದೆ. ಗುಂಡು ಇಲ್ಲದಿದ್ದರೆ ಕೆಲವು ರೈಫಲ್‌ಗಳಲ್ಲಿ ಆ ಪೆಟ್ಟು ಚೇಂಬರಿನ ಬಾಯಿಗೇ ಬಿದ್ದು ಲೋಹ ನಗ್ಗುತ್ತದೆ. ಇದಕ್ಕೆ ಹಳೆ ಶೂಟರ್‌ಗಳ ಒಂದು ಉಪಾಯ ಇದೆ. ಗೋಡೆಗೆ ಸ್ಕ್ರೂ ಹಾಕುವಾಗ ತೂರಿಸುತ್ತೇವಲ್ಲ, ಆ ಹಳದಿ ಪ್ಲಾಸ್ಟಿಕ್ ಪ್ಲಗ್. ಅದು ಚೇಂಬರಿನಲ್ಲಿ ಸರಿಯಾಗಿ ಕೂರುತ್ತದೆ, ಪೆಟ್ಟನ್ನು ತಾನೇ ತಿನ್ನುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ನೂರು ತಂದು ಎಂಟು ಮನೆಗೂ ಹಂಚಿದೆ.

ಆಮೇಲೆ ನಾಣ್ಯ. ನಳಿಗೆಯ ತುದಿಯ ಮೇಲೆ ಒಂದು ನಾಣ್ಯ ಅಡ್ಡಡ್ಡ ಇಡಬೇಕು. ಟ್ರಿಗರ್ ಎಳೆದಾಗ ಅದು ಬೀಳಬಾರದು. ಹನ್ನೆರಡು ವರ್ಷದ ಒಬ್ಬ ಹುಡುಗಿ ವಿಡಿಯೋ ಕಾಲ್‌ನಲ್ಲಿ ಮಾಡಿ ತೋರಿಸುತ್ತಿದ್ದಳು. ಮೊದಲ ದಿನ ಹತ್ತರಲ್ಲಿ ಒಂಬತ್ತು ಸಲ ನಾಣ್ಯ ಠಣ್ ಅಂತ ನೆಲಕ್ಕೆ. ಅವಳಿಗೆ ಅಳುವೇ ಬಂತು. ತೋರುಬೆರಳಿನ ತುದಿ ಮಾತ್ರ ಟ್ರಿಗರಿನ ಮೇಲಿರಲಿ, ಅಂಗೈ ಬಿಗಿ ಹಿಡಿಯಬೇಡ, ಉಸಿರು ಅರ್ಧ ಬಿಟ್ಟು ನಿಲ್ಲಿಸು ಅಂತ ಹೇಳಿದೆ. ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಅವಳು ಇಪ್ಪತ್ತು ಸಲ ಎಳೆದಳು. ನಾಣ್ಯ ಅಲುಗಲಿಲ್ಲ. ಆ ಕಡೆ ಅವಳಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ಈ ಕಡೆ ನಾನೂ ಅಷ್ಟೇ.

ಜೂನಿನಲ್ಲಿ ಹೊರಗಿನ ರೇಂಜ್ ತೆರೆದಾಗ ಒಬ್ಬರಿಗೆ ವಾರಕ್ಕೆ 20 ಗುಂಡು ಅಂತ ಮಾಡಿದೆ. 60 ಇದ್ದಾಗ ಮಕ್ಕಳು ಮೊದಲ 20ನ್ನು ಮೈ ಬಿಸಿ ಮಾಡಿಕೊಳ್ಳುವುದಕ್ಕೆ ಅಂತ ಹೊಡೆದುಬಿಡುತ್ತಿದ್ದರು. ಈಗ ಮೊದಲನೆಯದೇ ಲೆಕ್ಕಕ್ಕೆ ಬರುತ್ತಿತ್ತು. ಮನಸ್ಸು ಕೂರದಿದ್ದರೆ ರೈಫಲ್ ಇಳಿಸಿ ಮತ್ತೆ ಎತ್ತುವುದನ್ನು ಕಲಿತರು. ಹೊಡೆಯದ ಗುಂಡನ್ನು ವಾಪಸ್ ತಂದು ಕೊಟ್ಟವರೂ ಇದ್ದರು. ಬಾಕಿ ಅಭ್ಯಾಸವೆಲ್ಲ ಏರ್ ರೈಫಲ್‌ನಲ್ಲಿ. ಅದರ ಸೀಸದ ಪೆಲೆಟ್ 500ರ ಡಬ್ಬಿ ನಮ್ಮ ಕಡೆ ಆಗಲೂ ಸಿಗುತ್ತಿತ್ತು. ಒಹಾಯೋದ ಕ್ಯಾಂಪ್ ಪೆರಿಯಲ್ಲಿ ನಡೆಯುವ ರಾಷ್ಟ್ರೀಯ ಶೂಟಿಂಗ್ ಪಂದ್ಯಗಳು ಆ ವರ್ಷ ರದ್ದಾದವು. ಮಕ್ಕಳಿಗೆ ಬೇಜಾರಾಯಿತು. ಗುಂಡಿನ ಲೆಕ್ಕಕ್ಕೆ ಮಾತ್ರ ಅನುಕೂಲವಾಯಿತು, ಸುಳ್ಳು ಹೇಳುವುದಿಲ್ಲ.

ಅಕ್ಟೋಬರ್ ಕೊನೆಗೆ 20 ಶನಿವಾರ ಆಗಿತ್ತು. 3,200 ಖರ್ಚು, 2,300 ಉಳಿಕೆ. ಚುನಾವಣೆ ಹತ್ತಿರ ಬಂದ ಹಾಗೆ ಅಂಗಡಿಗಳು ಮತ್ತಷ್ಟು ಬರಿದಾದವು. ನವೆಂಬರಿನಿಂದ ತಲೆಗೆ ಹತ್ತೇ ಮಾಡಿದೆ.

ಆ ವರ್ಷ ಆದದ್ದೇನು ಅಂತ ಜನ ಈಗಲೂ ಕೇಳುತ್ತಾರೆ. ಕಾರ್ಖಾನೆಗಳು ಬೇಕಂತಲೇ ನಿಲ್ಲಿಸಿದ್ದವು ಅಂತ ಹೇಳುವವರಿದ್ದಾರೆ. ಅದು ನಿಜವಲ್ಲ. ಬಂದೂಕು ಖರೀದಿಗೆ ಎಫ್‌ಬಿಐ ನಡೆಸುವ ಹಿನ್ನೆಲೆ ತಪಾಸಣೆ 2019ರಲ್ಲಿ 2.8 ಕೋಟಿ ಇತ್ತು. 2020ರಲ್ಲಿ 3.9 ಕೋಟಿ ದಾಟಿತು. ಒಂದು ತಪಾಸಣೆ ಅಂದರೆ ಒಂದು ಬಂದೂಕು ಅಂತ ಅಲ್ಲ, ಆದರೂ ಏರಿಕೆ ಕಾಣುತ್ತದೆ. ಆ ವರ್ಷ ಮೊದಲ ಸಲ ಬಂದೂಕು ಕೊಂಡವರು 84 ಲಕ್ಷ ಅಂತ ಇಲ್ಲಿನ ಬಂದೂಕು ಉದ್ಯಮದ ಸಂಘ ಎನ್‌ಎಸ್‌ಎಸ್‌ಎಫ್ ಅಂದಾಜು ಮಾಡಿತು. ಅವರೆಲ್ಲ 50ರ ಎರಡೇ ಡಬ್ಬಿ ಕೊಂಡರೂ 84 ಕೋಟಿ ಗುಂಡು ಬೇಕು. ಎರಡು ಡಬ್ಬಿ ಕೊಳ್ಳುವುದು ದುರಾಸೆ ಅಲ್ಲ. ಆದರೂ ಶೆಲ್ಫ್ ಖಾಲಿ. ಇನ್ನು 2013ರ ನನ್ನಂಥವರು 18 ಬ್ರಿಕ್ ಕೊಂಡರೆ?

ಕಾರ್ಖಾನೆಯ ಕಡೆಯ ಕಷ್ಟವೂ ಸಣ್ಣದಲ್ಲ. ಪಿಸ್ತೂಲಿನ 9 ಎಂಎಂನಂಥ ಗುಂಡಿಗೆ ಬೇಕಾದ್ದು ನಾಲ್ಕು: ಹಿತ್ತಾಳೆ ಕೋಶ, ಮದ್ದು, ಸೀಸ, ಪ್ರೈಮರ್. ಪ್ರೈಮರ್ ಅಂದರೆ ನಮ್ಮ ಮಲೆನಾಡಿನ ಕೇಪಿನ ಕೋವಿಯ ಕೇಪಿನದೇ ಜಾತಿ, ಪೆಟ್ಟು ಬಿದ್ದರೆ ಕಿಡಿ ಕೊಡುವ ಪುಟ್ಟ ಬಟ್ಟಲು. ಅಮೆರಿಕದಲ್ಲಿ ಆಗ ಅದನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿದ್ದದ್ದು ನಾಲ್ಕೇ ಕಂಪನಿ. ಐಡಹೋದ ಸಿಸಿಐ, ಮಿನೆಸೋಟಾದ ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ಇವರಲ್ಲಿ ರೆಮಿಂಗ್ಟನ್ 2020ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಬೇಡಿಕೆ ಮುಗಿಲು ಮುಟ್ಟಿದ ವರ್ಷದಲ್ಲೇ! ಆರ್ಕನ್ಸಾದ ಲೋನೋಕ್‌ನಲ್ಲಿದ್ದ ಅದರ ಗುಂಡಿನ ಕಾರ್ಖಾನೆಯನ್ನು ಆಗ ಫೆಡರಲ್, ಸಿಸಿಐ ಎರಡರ ಒಡೆತನ ಹೊಂದಿದ್ದ ವಿಸ್ಟಾ ಔಟ್‌ಡೋರ್ ಕೊಂಡಿತು. ಆ ಕಂಪನಿಯ ಕೈಯಲ್ಲಿ ಆಗ 100 ಕೋಟಿ ಡಾಲರ್‌ಗೂ ಜಾಸ್ತಿ ಬಾಕಿ ಆರ್ಡರ್ ಇತ್ತು. 2017ರಿಂದ 2019ರವರೆಗೆ ವ್ಯಾಪಾರ ಬಿದ್ದುಹೋಗಿತ್ತು. ಹಾಗೆ ಸುಟ್ಟುಕೊಂಡವರು ಹೊಸ ಯಂತ್ರಕ್ಕೆ ದುಡ್ಡು ಹಾಕಲು ಹೆದರುತ್ತಾರೆ. ಪಾಯಿಂಟ್ 22ರ ಯಂತ್ರದಲ್ಲಿ 9 ಎಂಎಂ ಮಾಡಲೂ ಆಗುವುದಿಲ್ಲ.

ನಾನು ನನ್ನ ಪಿಸ್ತೂಲಿಗೆ ಗುಂಡು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ಸಾವಿರ ಪ್ರೈಮರ್‌ಗೆ 30 ಡಾಲರ್ ಕೊಡುತ್ತಿದ್ದೆ. 2021ರಲ್ಲಿ ಅದೇ ಸಾವಿರಕ್ಕೆ ಜನ ನೂರು, ಇನ್ನೂರು ಕೇಳಿದರು. ಹತ್ತು ಡಾಲರ್ ಆಸುಪಾಸಿನ 9 ಎಂಎಂ ಡಬ್ಬಿ 40 ಆಯಿತು. ನಾನು ಕೊಳ್ಳಲಿಲ್ಲ. ಒಂದು ವರ್ಷ ನನ್ನ ಪಂದ್ಯ ನಿಂತಿತು.

2020ರ ಬೇಸಿಗೆಯಲ್ಲಿ ಕನ್ನಡದ ಗೆಳೆಯರ ಫೋನು ಜಾಸ್ತಿಯಾಯಿತು. ಇಲ್ಲಿ ನಲವತ್ತು ವರ್ಷದಿಂದ ಇದ್ದವರೂ ಕೇಳಿದರು, ಒಂದು ಪಿಸ್ತೂಲು ಇಟ್ಟುಕೊಳ್ಳಲಾ ಅಂತ. ವೀಸಾದಲ್ಲಿ ಇರುವವರಿಗೆ ಕಾನೂನು ಹೇಳಿ, ವಕೀಲರನ್ನು ಕೇಳದೆ ಒಂದು ಗುಂಡನ್ನೂ ಮುಟ್ಟಬೇಡಿ ಅಂದೆ. ಒಬ್ಬರು ಆಗಲೇ ಕೊಂಡಿದ್ದರು. ಗುಂಡು ಎಲ್ಲೂ ಸಿಗದೆ ಪಿಸ್ತೂಲನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದರು. ಮನೆಯಲ್ಲಿ ಐದು ವರ್ಷದ ಮೊಮ್ಮಗ.

ಅವತ್ತೇ ಅವರ ಮನೆಗೆ ಹೋದೆ. ಗುಂಡಿಗಿಂತ ಮೊದಲು ಬೀಗ ಇರುವ ಪೆಟ್ಟಿಗೆ ತರಿಸಿದೆ. ಮೂರು ಶನಿವಾರ ಡ್ರೈ ಫೈರ್ ಕಲಿಸಿದೆ. ನಾಲ್ಕನೇ ಶನಿವಾರ ನನ್ನ ಹತ್ತಿರ ಇದ್ದ ಕಾರ್ಖಾನೆ ಗುಂಡಿನ 50ರ ಒಂದು ಡಬ್ಬಿ ತಗೊಂಡು ರೇಂಜಿಗೆ ಹೋದೆವು. ಎಂಟು ಗುಂಡು ಹೊಡೆದು ಅವರು ಪಿಸ್ತೂಲು ಕೆಳಗಿಟ್ಟರು. ಕೈ ನಡುಗುತ್ತಿತ್ತು. "ಇಷ್ಟು ಸದ್ದು ಇರುತ್ತೆ ಅಂತ ಗೊತ್ತಿರಲಿಲ್ಲ ಕಣಪ್ಪಾ" ಅಂದರು. ಕೆಲವು ವಾರ ಯೋಚನೆ ಮಾಡಿ ಅದನ್ನು ಅಂಗಡಿಗೇ ವಾಪಸ್ ಮಾರಿದರು. ಉಳಿದ 42 ಗುಂಡು ನನ್ನ ಕೈಗೆ ಕೊಟ್ಟರು.

2021ರ ಏಪ್ರಿಲಿನಲ್ಲಿ ಕ್ಲಬ್ಬಿಗೆ ಮೂರು ಬ್ರಿಕ್ ಸಿಕ್ಕಿತು. ಹಳೆಯ ಬೆಲೆಗಿಂತ ಎರಡು ಪಟ್ಟು. ಆಗ ಕಪಾಟಿನಲ್ಲಿ ಇನ್ನೂ 600ರಷ್ಟು ಉಳಿದಿತ್ತು. ಒಂದು ಶನಿವಾರವೂ ನಾವು ಮಕ್ಕಳನ್ನು ವಾಪಸ್ ಕಳಿಸಿರಲಿಲ್ಲ. ಆಗಸ್ಟ್‌ನಲ್ಲಿ ರಷ್ಯಾದ ಗುಂಡಿನ ಆಮದಿಗೆ ಅಮೆರಿಕ ಸರ್ಕಾರ ತಡೆ ಘೋಷಿಸಿದಾಗ ಮತ್ತೆ ಒಂದು ಅಲೆ ಎದ್ದಿತು. ಪಾಯಿಂಟ್ 22ಗೂ ಅದಕ್ಕೂ ಅಷ್ಟಾಗಿ ಸಂಬಂಧವಿಲ್ಲ. ಆದರೂ ಅಂಗಡಿಯಲ್ಲಿ ಒಬ್ಬರು ಗಾಡಿ ತುಂಬಿಸಿಕೊಳ್ಳುತ್ತಿದ್ದರು. ಶೆಲ್ಫಿನಲ್ಲಿ ಆರು ಬ್ರಿಕ್ ಉಳಿದಿತ್ತು. ನಮಗೆ ಆ ತಿಂಗಳಿಗೆ ಬೇಕಾದ್ದು ಎರಡು. ಎರಡೇ ತಗೊಂಡೆ. ಕೈ ಮೂರನೆಯದರ ಕಡೆ ಹೋಗಿತ್ತು, ನಿಜ ಹೇಳಬೇಕು.

ನಾಣ್ಯದ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ರಜೆಯಲ್ಲಿ ಬಂದಾಗ ಚಿಕ್ಕವರಿಗೆ ಗುಂಡು ಎಣಿಸಿ ಕೊಡುವುದು ಅವಳ ಕೆಲಸ. ನೋಟ್‌ಬುಕ್ಕಿನಲ್ಲಿ ಬರೆಯುವವಳೂ ಅವಳೇ. ಮೊನ್ನೆ ಒಂಬತ್ತು ವರ್ಷದ ಹುಡುಗನೊಬ್ಬ ಮೂರು ಗುಂಡು ವಾಪಸ್ ತಂದ. ಕೈ ಸೋತಿತು, ಇನ್ನು ಹೊಡೆದರೆ ಸರಿಯಾಗಿ ಬೀಳಲ್ಲ ಅಂದ. ಅವಳು "ವಾಪಸ್: 3" ಅಂತ ಬರೆದು, ಅವನ ಕೈಯಿಂದಲೇ ಡಬ್ಬಿಯೊಳಗೆ ಇಡಿಸಿದಳು.