3 ಟಿಬಿ ಡಿಸ್ಕ್, ತೋರಿಸಿದ್ದು ಬರೀ 746 ಜಿಬಿ

ಕ್ಯಾತಸಂದ್ರದ ಪರಿಚಯದವರೊಬ್ಬರಿಂದ ಹಳೇ 3 ಟಿಬಿ ಹಾರ್ಡ್ ಡಿಸ್ಕ್ ತಗೊಂಡೆ. ಮನೆಗೆ ತಂದು ನನ್ನ ಹಳೇ ಯುಎಸ್‌ಬಿ ಡಬ್ಬಿಗೆ (ಡಿಸ್ಕನ್ನ ಹೊರಗಿನಿಂದ ಕಂಪ್ಯೂಟರ್‌ಗೆ ಜೋಡಿಸೋದು) ಹಾಕಿ ನೋಡಿದರೆ ಬರೀ 746 ಜಿಬಿ! ಜಗಳಕ್ಕೆ ಫೋನ್ ಎತ್ತಿಕೊಂಡವನು, ಇರಲಿ ಅಂತ ಸುಮ್ನೆ ಒಂದ್ಸಲ ಡಿಸ್ಕ್ ಬಿಚ್ಚಿ ಡೆಸ್ಕ್‌ಟಾಪ್‌ನ ಒಳಗಿನ ಸಾಟಾ ಕೇಬಲ್‌ಗೇ ಸಿಕ್ಕಿಸಿದೆ. 2794 ಜಿಬಿ ಬಂತು. ತಪ್ಪು ಡಬ್ಬಿಯದು. ಅದರ ಹಳೇ ಚಿಪ್ 2 ಟಿಬಿ (2048 ಜಿಬಿ) ದಾಟಿದರೆ ಲೆಕ್ಕವನ್ನ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ, ಮಿಕ್ಕಿದ್ದೇ ಆ 746. ಪಾರ್ಟಿಷನ್ (ಡಿಸ್ಕ್ ಜಾಗದ ಹಂಚಿಕೆ) ಬೇರೆ ಎಂಬಿಆರ್ ಅನ್ನೋ ಹಳೇ ಪದ್ಧತಿಯದಾಗಿತ್ತು, ಅದಕ್ಕೂ 2 ಟಿಬಿನೇ ಮಿತಿ. ವಿಂಡೋಸ್‌ನ ಡಿಸ್ಕ್‌ಪಾರ್ಟ್ ಅನ್ನೋ ಟೂಲ್‌ನಲ್ಲಿ ಡಿಸ್ಕ್ ನಂಬರ್ ಎರಡೆರಡು ಸಲ ನೋಡಿಕೊಂಡು ಕ್ಲೀನ್, ಆಮೇಲೆ ಕನ್ವರ್ಟ್ ಜಿಪಿಟಿ ಕಮಾಂಡ್ ಕೊಟ್ಟು, ಈ ಮಿತಿ ಇಲ್ಲದ ಹೊಸ ಜಿಪಿಟಿ ಪದ್ಧತಿಗೆ ಬದಲಾಯಿಸಿದೆ (ಇದರಿಂದ ಒಳಗಿದ್ದದ್ದೆಲ್ಲ ಹೋಗುತ್ತದೆ, ಹುಷಾರು). 3000 ಇಲ್ಲವಲ್ಲ ಅಂತೀರಾ? ಕಂಪನಿಯದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ, ಅಷ್ಟೇ.