ಕಮ್ಮಿ ಸಂಬಳದಲ್ಲಿ ಬೆಂಗಳೂರಲ್ಲಿ ತಿಂಗಳು ತಳ್ಳೋದು ಹೇಗೆ

ಊರಲ್ಲಿ ಹೇಳ್ಕೊಂಡ್ರೆ ದೊಡ್ಡ ಸಂಬಳ, ಇಲ್ಲಿ ಇಪ್ಪತ್ತನೇ ತಾರೀಖಿಗೇ ಅಕೌಂಟ್ ಖಾಲಿ. ಮನೆ ನೋಡೋವಾಗ ಬಾಡಿಗೆ ಒಂದೇ ಕೇಳ್ಬೇಡಿ, ಅಡ್ವಾನ್ಸು, ಮೇಂಟೆನೆನ್ಸು, ನೀರು, ಖಾಲಿ ಮಾಡೋವಾಗ ಪೇಂಟಿಂಗಿಗೆ ಎಷ್ಟು ಹಿಡ್ಕೋತಾರೆ ಎಲ್ಲಾ ಅಗ್ರಿಮೆಂಟಲ್ಲೇ ಬರೆಸ್ಕೊಳ್ಳಿ, ಬಾಡಿಗೆದಾರರೂ ಸರ್ಕಾರದ ಫ್ರೀ ಕರೆಂಟ್ ಯೋಜನೆ ಗೃಹಜ್ಯೋತಿಗೆ ಅರ್ಜಿ ಹಾಕ್ಬಹುದು, ಆದ್ರೆ 200 ಯೂನಿಟ್ ಪೂರ್ತಿ ಫ್ರೀ ಅಂತ ಎಸಿ ಹಾಕ್ಸ್ಬೇಡಿ, ಹಳೇ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಜಾಸ್ತಿ, ಅಷ್ಟೇ ಫ್ರೀ ಸಿಗೋದು.

2025ರ ಫೆಬ್ರವರಿಲಿ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿ ಆಯ್ತು, ಹಾಗಾಗಿ ದಿನಾ ದೂರ ಹೋಗೋರು ಬಿಎಂಟಿಸಿ ಪಾಸ್ ಲೆಕ್ಕ ಹಾಕಿ ನೋಡಿ, ಹೆಂಗಸರಿಗಂತೂ ಶಕ್ತಿ ಯೋಜನೆಲಿ ಸಾದಾ ಬಸ್ ಫ್ರೀ ಇದೆ.

ತರಕಾರಿ ಆ್ಯಪಲ್ಲಿ ಬೇಡ.

ಇನ್ನು ಕಲೀಗ್ಸ್ ಕೆಫೆಗೆ ಕರೆದ್ರೆ ನಾಚ್ಕೋಬೇಡಿ, ದರ್ಶಿನಿಗೆ ಎಳ್ಕೊಂಡು ಹೋಗಿ ಬೈಟು ಕಾಫಿ ಹೇಳಿ, ನನ್ ಪ್ರಕಾರ ರುಚೀನೂ ಅಲ್ಲೇ ಜಾಸ್ತಿ.